ಸೈಗಾನಿನಲ್ಲಿ ಒಂದು ಸಂಬೋಧನೆ

“ಇವರು ನಿಮಗೆ ಏನಾಗಬೇಕು?”

ಗೈಡ್ ಹುಡುಗಿ ಲಿನ್ ನಗುತ್ತಲೇ ಕೇಳಿದಳು. ಅವಳ ಇಂಗ್ಲಿಷ್ ಸರಳವಾಗಿತ್ತು, ಪ್ರಶ್ನೆಯೂ ಸರಳವಾಗಿತ್ತು.

ಅಲಕಾ ಕೈಯಲ್ಲಿದ್ದ ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಿಸಿದಳು.

ಇಪ್ಪತ್ತೆರಡು ವರ್ಷಗಳ ಹಿಂದೆ, ಜಮಖಂಡಿಯ ಮನೆಯ ಪಡಸಾಲೆಯಲ್ಲಿ, ಇದೇ ಪ್ರಶ್ನೆಗೆ ಅವಳು ಒಂದೇ ಒಂದು ಶಬ್ದದಲ್ಲಿ ಉತ್ತರಿಸಿದ್ದಳು. ಆ ಶಬ್ದ ಬಾಯಿಂದ ಹೊರಬಿದ್ದ ಮೇಲೆ ಎರಡು ಬದುಕುಗಳು ಎರಡು ದಿಕ್ಕಿಗೆ ಹೊರಟುಹೋದವು.

ಎದುರಿಗೆ ರಾಚಪ್ಪ ನಿಂತಿದ್ದ. ಆಗಷ್ಟೇ ಸ್ಕೂಟರಿನಿಂದ ಇಳಿದು ಹೆಲ್ಮೆಟ್ ತೆಗೆದಿದ್ದ. ಕೂದಲು ಅರ್ಧ ನರೆತಿತ್ತು. ಆದರೆ ಬನಹಟ್ಟಿಯ ಮಗ್ಗದ ಮುಂದೆ ಕುಳಿತು ಎಳೆ ಎಣಿಸುತ್ತಿದ್ದ ಆ ಕಣ್ಣುಗಳು... ಅವೇ!

“ಅರಾಮಿದ್ದೀರೇನ್ರಿ, ಅಕ್ಕೋರ?” ಎಂದ ಅವನು.

“ಅರಾಮ ಇದ್ದೀನ್ರಿ,” ಎಂದಳು ಅಲಕಾ. ಬಳಿಕ ಲಿನ್‌ಳ ಕಡೆ ತಿರುಗಿ, “ಊರಿನವರು,” ಎಂದಳು. “ಇವರ ಅಕ್ಕ ಒಂದು ಪೊಟ್ಟಣ ಕೊಟ್ಟಿದ್ದಾರೆ. ಅದನ್ನು ಮುಟ್ಟಿಸಬೇಕಿತ್ತು, ಅಷ್ಟೇ.”

ಮತ್ತೊಮ್ಮೆ ಅದೇ ಪ್ರಶ್ನೆ... ಮತ್ತೊಮ್ಮೆ ಅದೇ ಹೇಡಿತನ!

ಹೊ ಚಿ ಮಿನ್ ನಗರವನ್ನು ಅಲ್ಲಿಯ ಜನ ಇಂದಿಗೂ ಸೈಗಾನ್ ಎಂದೇ ಕರೆಯುತ್ತಾರೆ. ಜಮಖಂಡಿಯಲ್ಲಿ ಕನ್ನಡ ವ್ಯಾಕರಣ ಕಲಿಸುವ ನಲವತ್ತಾರರ ಅಲಕಾ ಆ ನಗರ ನೋಡಲು ಮೂರು ದಿನಕ್ಕೆ ಖಾಸಗಿ ಗೈಡ್ ಗೊತ್ತುಮಾಡಿಕೊಂಡು ಬಂದಿದ್ದಾಳೆಂದು ಶಾಲೆಯವರೆಲ್ಲ ನಂಬಿದ್ದರು. ಅವಳು ಕಾಣಹೊರಟದ್ದು ಯಾರನ್ನೆಂದು ಬಲ್ಲವಳು ರಾಚಪ್ಪನ ಅಕ್ಕ ಮಾಯವ್ವ ಒಬ್ಬಳೇ. ಬನಹಟ್ಟಿಯಲ್ಲಿ ಸೀರೆ ಕೊಳ್ಳಲು ಹೋದಾಗ ಅವಳೇ ಹೇಳಿದ್ದಳು: “ನಮ್ಮ ರಾಚ್ಯಾ ಆ ಸೈಗಾನ್ ಊರಾಗ ಬಟ್ಟಿ ಮಿಲ್ಲಿನ್ಯಾಗ ಅದಾನ್ರಿ. ಲಗ್ನಾ ಮಾಡ್ಕೊಳ್ಳಲಿಲ್ಲ. ಯಾಕಂತ ಕೇಳಿದ್ರ ಬಾಯಿ ಬಿಡೂದಿಲ್ಲ.”

ಯಾಕೆಂದು ಅಲಕಾಳಿಗೆ ಗೊತ್ತಿತ್ತು. ಅದನ್ನು ಅವನ ಎದುರಿಗೆ ನಿಂತು ಒಪ್ಪಿಕೊಳ್ಳಲೆಂದೇ ಅವಳು ಕಡಲು ದಾಟಿ ಬಂದಿದ್ದಳು. ಮೂರು ದಿನದೊಳಗೆ ಆ ಮಾತು ಆಡದೆ ಹೋದರೆ ಈ ಜನ್ಮದಲ್ಲಿ ಇನ್ನು ಆಡುವುದಿಲ್ಲವೆಂಬುದೂ ಅವಳಿಗೆ ಗೊತ್ತಿತ್ತು.

ರಾಚಪ್ಪ ಪೊಟ್ಟಣ ಬಿಚ್ಚಿದ. ಶೇಂಗಾ ಚಟ್ನಿ, ಕಡಕ್ ರೊಟ್ಟಿ.

“ರೊಟ್ಟಿ ಎಲ್ಲಾ ಮುರದಾವ್ರಿ... ವಿಮಾನದಾಗ,” ಎಂದಳು ಅಲಕಾ ಅಪರಾಧಿಯಂತೆ.

“ಮುರದ್ರೇನಾತ್ರಿ, ಹಲ್ಲಿಗೆ ಕೆಲಸಾ ಕಡಿಮಿ ಆತು,” ಎಂದು ಅವನು ಒಂದು ಚೂರು ಬಾಯಿಗಿಟ್ಟುಕೊಂಡ. ಅಗಿಯುತ್ತ ಅಗಿಯುತ್ತ ಕಣ್ಣು ಬೇರೆ ಕಡೆ ಹೊರಳಿಸಿದ.

ಲಿನ್ ಇಬ್ಬರನ್ನೂ ಬೀದಿಬದಿಯ ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಐಸ್ ಹಾಕಿದ ಕಾಫಿ ತರಿಸಿ, ವಯಸ್ಸು ಕೇಳತೊಡಗಿದಳು.

“ತಪ್ಪು ತಿಳಿಯಬೇಡಿ. ನಮ್ಮ ಭಾಷೆಯಲ್ಲಿ ‘ನಾನು’, ‘ನೀವು’ ಎಂದು ಸುಮ್ಮನೆ ಮಾತು ಆರಂಭಿಸಲಾಗುವುದಿಲ್ಲ. ಮೊದಲು ಸಂಬಂಧ ನಿಶ್ಚಯವಾಗಬೇಕು. ನೀವು ನನಗೆ ಅತ್ತೆಯೋ, ಅಕ್ಕನೋ? ಅದು ತಿಳಿಯದೆ ಬಾಯಿ ತೆರೆಯುವುದೇ ಕಷ್ಟ. ಅಂದಹಾಗೆ, ಇವರು ನಿಮ್ಮನ್ನು ಏನೆಂದು ಕರೆದರು?”

“ಅಕ್ಕೋರ... ಅಂದರೆ ಅಕ್ಕ.”

“ಇವರಿಗೆ ನಲವತ್ತೆಂಟು, ನಿಮಗೆ ನಲವತ್ತಾರು! ನೀವು ಹೇಗೆ ಅಕ್ಕ?”

“ಬನಹಟ್ಟಿ ಸಾಲಿಯೊಳಗ ಕಲಿಸತಿದ್ರು. ನಮ್ಮ ಕಡೆ ಸಾಲಿ ಕಲಿಸೋ ಹೆಣಮಕ್ಕಳಿಗೆ ಹಂಗ ಅಂತಾರ,” ಎಂದು ರಾಚಪ್ಪ ಕನ್ನಡದಲ್ಲಿ ಹೇಳಿ, ಬಳಿಕ ವಿಯೆಟ್ನಾಮಿಯಲ್ಲಿ ವಿವರಿಸಿದ.

“ಹಾಗಾದರೆ ಇವರನ್ನು ನೀವು?” ಲಿನ್ ಬಿಡಲಿಲ್ಲ.

ಅಲಕಾ ಕಾಫಿಯೊಳಗಿನ ಐಸನ್ನು ಚಮಚದಿಂದ ಒತ್ತುತ್ತ ಕುಳಿತಳು. ರಾಚಪ್ಪ ಕಾಫಿಯ ಹಣ ತೆತ್ತ.

ಸ್ಟೂಲಿನಿಂದ ಎದ್ದು ರಸ್ತೆ ದಾಟಬೇಕಾಯಿತು. ಸಾವಿರಾರು ಮೋಟಾರುಬೈಕುಗಳು ಹೊಳೆಯಂತೆ ಹರಿಯುತ್ತಿದ್ದವು. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನಡೆದು ಬೆಳೆದವಳಿಗೂ ಕಾಲಿಡಲು ಜಾಗ ಕಾಣಲಿಲ್ಲ.

“ಓಡಬ್ಯಾಡ್ರಿ, ನಿಲ್ಲಬ್ಯಾಡ್ರಿ. ಒಂದ ಸಮ ನಡೀತಿರ್ರಿ. ಅವರ ಸುತ್ತ ಹಾಕ್ಕೊಂಡ ಹೋಗ್ತಾರ,” ಎಂದ ರಾಚಪ್ಪ.

ಆದರೆ ಅವಳು ನಟ್ಟನಡುವೆ ನಿಂತುಬಿಟ್ಟಳು. ಅವನು ಅವಳ ಸೆರಗಿನ ತುದಿಯನ್ನಷ್ಟೇ ಹಿಡಿದು, ಕೈಗೆ ಕೈ ತಾಗದಂತೆ, ಆಚೆ ದಡಕ್ಕೆ ಕರೆದೊಯ್ದ.

‘ನಡುವೆ ನಿಂತದ್ದೇ ನನ್ನ ತಪ್ಪು... ಅಂದೂ, ಇಂದೂ,’ ಎಂದುಕೊಂಡಳು ಅಲಕಾ. ಆ ಮೊದಲ ದಿನ ಹಾಗೆಯೇ ಮುಗಿಯಿತು.

ಇಪ್ಪತ್ತೆರಡು ವರ್ಷಗಳ ಹಿಂದೆ ನಡೆದದ್ದು ಇಷ್ಟು.

ಅವಳು ದಿನಾ ಬೆಳಿಗ್ಗೆ ಜಮಖಂಡಿಯಿಂದ ಬನಹಟ್ಟಿಯ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಮಂಗಳವಾರ ಜಮಖಂಡಿಯ ಅಂಗಡಿಗಳಿಗೆ ಸೀರೆ ಕೊಡಲು ಬರುತ್ತಿದ್ದ ರಾಚಪ್ಪ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಗ್ರಾಫ್ ಹಾಳೆಯ ಮೇಲೆ ಸೀರೆಯ ಅಂಚು ಬರೆದು ತೋರಿಸುತ್ತಿದ್ದ. ಅಲಕ ಎಂದರೆ ಗುಂಗುರು ಕೂದಲು ಎಂದು ಅವಳಿಂದಲೇ ತಿಳಿದುಕೊಂಡವನು ಗುಂಗುರುಗುಂಗುರಾದ ಒಂದು ಹೊಸ ಅಂಚನ್ನೇ ಬರೆದ!

“ನೀವು ಮನೀಗೆ ಬರ್ರಿ, ಅಪ್ಪಗ ನಾ ಹೇಳತೀನಿ,” ಎಂದು ಮಾತು ಕೊಟ್ಟವಳು ಅವಳೇ.

ಅವನು ಬಂದ. ಬಗಲಲ್ಲಿ ಆ ಅಂಚಿನ ಸೀರೆಯಿತ್ತು. ತಂದೆ ಸದಾಶಿವರಾಯರು ಕನ್ನಡಕದ ಮೇಲಿಂದ ನೋಡಿ, “ಯಾರವಾ ಇವರು?” ಎಂದರು. ಜಾತಿ ಬೇರೆ, ಮನೆತನ ಬೇರೆ. ಪಡಸಾಲೆಯಲ್ಲಿ ಕಾಕಾ, ಕಾಕು, ನೆಂಟರಿಷ್ಟರು.

ಅಲಕಾಳ ನಾಲಿಗೆ ತಾನಾಗಿಯೇ ಹೊರಳಿತು: “ಬನಹಟ್ಟಿ ರಾಚಪ್ಪಣ್ಣಾರು. ನನಗ... ಅಣ್ಣ ಇದ್ದಾಂಗ.”

“ಅಣ್ಣ ಅಂದಮ್ಯಾಲೆ ಮನೀ ಮನಶ್ಯಾ ಆದ್ರಿ. ಕೂಡ್ರಿ, ಚಹಾ ತಗೋರಿ,” ಎಂದರು ರಾಯರು.

ಅವನು ಚಹಾ ಕುಡಿದ. ಕಪ್ಪು-ಬಸಿ ಕೆಳಗಿಟ್ಟ. ಸೀರೆಯನ್ನು ಮುಂದೆ ಸರಿಸಿ, “ತಂಗೀಗೆ ಅಂತ ತಂದೇನ್ರಿ,” ಎಂದ. ಎದ್ದು ಹೋದ.

ಸೈಗಾನಿನಲ್ಲಿ ಎರಡನೆಯ ದಿನ ರಾಚಪ್ಪ ಮಿಲ್ಲಿಗೆ ರಜೆ ಹಾಕಿ ಬಂದ; ಲಿನ್ ಇಬ್ಬರನ್ನೂ ಚೋಲೊನ್ ಭಾಗದ ಬಟ್ಟೆಪೇಟೆಗೆ ಕರೆದೊಯ್ದಳು. ಗಲ್ಲಿಗಲ್ಲಿಯಲ್ಲೂ ಸುತ್ತಿಟ್ಟ ಬಟ್ಟೆಯ ಥಾನುಗಳ ರಾಶಿ. ರಾಚಪ್ಪ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, “ಹೊರಗ ರೇಷ್ಮಿ ಬೋರ್ಡ, ಒಳಗ ಬರೇ ಪಾಲಿಸ್ಟರ್ ನೋಡ್ರಿ. ನಮ್ಮ ಬನಹಟ್ಟ್ಯಾಗ ಇಂಥಾದ್ದ ಮಾರಿದ್ರ ಮಾಯವ್ವ ಅಳತೀ ಕೋಲ ತಗೊಂಡ ಬೆನ್ನ ಹತ್ತತಿದ್ಲು,” ಎಂದ. ಅಲಕಾ ನಕ್ಕಳು. ಎಷ್ಟು ವರ್ಷಗಳ ಮೇಲೆ!

ಅಷ್ಟರಲ್ಲಿ ಪಕ್ಕದ ಅಂಗಡಿಯ ಹೆಂಗಸು ಅಟ್ಟದ ಮೇಲಿದ್ದ ಗಂಡಸಿಗೆ ಕೂಗು ಹಾಕಿದಳು. “ಆನ್ ಓಯ್!”

“ಓಯ್ ಅನ್ನುವುದು ನಮ್ಮ ಓಯ್‌ನ ಹಾಗೇ ಕೇಳಿಸುತ್ತದೆ! ಆನ್ ಎಂದರೆ?” ಎಂದಳು ವ್ಯಾಕರಣದ ಅಕ್ಕೋರು.

“ಅಣ್ಣ ಎಂದು,” ಎಂದಳು ಲಿನ್.

“ಅವನು ಅವಳ ಅಣ್ಣನೇ?”

ಲಿನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಗಂಡ! ನಮ್ಮಲ್ಲಿ ಹೆಣ್ಣು ಒಲಿದವನನ್ನು ‘ಆನ್’ ಎನ್ನುತ್ತಾಳೆ, ಅಣ್ಣ ಎಂದು. ಅವನು ಅವಳನ್ನು ‘ಎಮ್’ ಎನ್ನುತ್ತಾನೆ, ತಂಗಿ ಎಂದು. ಮುದುಕರಾದರೂ ಅದೇ. ಅದಕ್ಕಿಂತ ಮೆತ್ತಗಿನ ಮಾತು ನಮಗಿಲ್ಲ... ಏನಾಯಿತು? ನಿಮ್ಮಿಬ್ಬರ ಮುಖ ಯಾಕೆ ಹೀಗಾಯಿತು?”

ಅಲಕಾಳ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಜಾರಿತ್ತು. ರಾಚಪ್ಪ ಬಾಗಿ ಎತ್ತಿಕೊಂಡ; ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅದನ್ನು ಮಡಿಚುತ್ತ ನಿಂತ. ಜಾಣೆ ಲಿನ್, ನೀರು ತರುತ್ತೇನೆಂದು ಸರಿದುಹೋದಳು.

“ನಿಮಗಿದು ಗೊತ್ತಿತ್ತೇನ್ರಿ?”

“ಬಂದು ಹದಿನಾಕು ವರ್ಸ ಆತ್ರಿ. ಬಂದ ವಾರದಾಗ ಮಿಲ್ಲಿನ ಹುಡಿಗ್ಯಾರು ಹೇಳಿದ್ರು. ಅವತ್ತ ಊಟಾ ಸೇರಲಿಲ್ಲ.”

“ರಾಚಪ್ಪ ಅವರ...” ಅಲಕಾ ಅವನ ಕಡೆ ತಿರುಗಿದಳು. “ನಾ ಆವತ್ತ ಖರೆ ಹೇಳಲಿಲ್ರಿ. ಅಂಜಿದೆ. ಎಲ್ಲಾರೂ ಕೂತಿದ್ರು... ನನ್ನ ಮನಸ್ಸಿನಾಗೇನದ ಅಂತ ನಿಮಗ ತಿಳೀತದ, ಮುಂದಿನ ಮಂಗಳವಾರ ಮಾತಾಡಿದ್ರಾತು ಅಂತ ತಿಳಕೊಂಡೆ. ಬಸ್‌ಸ್ಟ್ಯಾಂಡಿನಾಗ ನಾಕು ಬಸ್ ಬಿಟ್ಟು ಕಾದೆ. ನೀವು ಬರಲಿಲ್ಲ.”

ರಾಚಪ್ಪ ಬಟ್ಟೆ ಮಡಿಚುವುದನ್ನು ನಿಲ್ಲಿಸಿದ.

“ನಾಕು ಬಸ್ ಬಿಟ್ಟಿದ್ರೇನು?”

“ಹೂಂ.”

“ನಾ ಅವತ್ತ ಇಚಲಕರಂಜಿಗೆ ಹೋಗಿದ್ನಿ, ಮಗ್ಗದ ಕೆಲಸಾ ಹುಡಿಕ್ಕೊಂಡ.” ಅವನು ಮಡಿಚಿದ ಬಟ್ಟೆಯನ್ನು ಮತ್ತೆ ಬಿಚ್ಚಿದ. “ನೀವು ಅಣ್ಣ ಅಂದದ್ದನ್ನ ಹೊಟ್ಯಾಗ ಹಾಕ್ಕೋತಿದ್ನಿ ಅಕ್ಕೋರ. ಆದ್ರ ನಾನೂ ತಂಗಿ ಅಂದ್ನೆಲ್ಲ? ಸಿಟ್ಟಿಗೆದ್ದು ಅಂದ್ನಿ... ಒಮ್ಮೆ ತಂಗಿ ಅಂದಾಕಿನ್ನ ಮತ್ತ ಆ ಕಣ್ಣಿಲೆ ನೋಡಬಾರದು ಅಂತ ನಮ್ಮವ್ವ ಕಲಿಸಿದ್ಲು. ನಿಮ್ಮ ಮಾತಿಗಲ್ಲ, ನನ್ನ ಮಾತಿಗೆ ನಾ ಸಿಕ್ಕೊಂಡೆ.”

‘ಅವನು ನನ್ನ ಮೇಲೆ ಮುನಿದು ಹೋದನೆಂದುಕೊಂಡಿದ್ದೆ... ಅವನು ಮಾತಿಗೆ ಕಟ್ಟುಬಿದ್ದು ಹೋಗಿದ್ದ!’

ಬಂದ ವರಗಳನ್ನೆಲ್ಲ ಅವಳು ಒಲ್ಲೆನೆಂದಿದ್ದಳು. ಬಳಿಕ ತಂದೆ ಹಾಸಿಗೆ ಹಿಡಿದರು. ಅವರು ತೀರಿಕೊಂಡು ಈಗ ಒಂದೂವರೆ ವರ್ಷ. ಇಪ್ಪತ್ತೆರಡು ವರ್ಷ ಅವಳು ಮಕ್ಕಳಿಗೆ ಸಂಬೋಧನಾ ವಿಭಕ್ತಿ ಕಲಿಸುತ್ತಲೇ ಬಂದಳು. ಕರೆಯುವಾಗ ಹೆಸರು ದೀರ್ಘವಾಗುತ್ತದೆ, ಎಂದು ಹಲಗೆಯ ಮೇಲೆ ಬರೆದಾಗಲೆಲ್ಲ ಕರೆಯದೆ ಉಳಿದ ಒಂದು ಹೆಸರು ಎದೆಯೊಳಗೆ ದೀರ್ಘವಾಗುತ್ತಲೇ ಇತ್ತು.

ಲಿನ್ ನೀರು ತಂದಳು; ಆ ದಿನದ ಸುತ್ತಾಟ ಅಲ್ಲಿಗೇ ಮುಗಿಯಿತು.

ಮೂರನೆಯ ದಿನ ಮಧ್ಯಾಹ್ನ ವಿಮಾನ. ಹೋಟೆಲಿನ ಮೆಟ್ಟಿಲಿಳಿದು ಬಂದ ಅಲಕಾಳನ್ನು ಕಂಡು ರಾಚಪ್ಪ ತಡೆದು ನಿಂತ.

ಅವಳು ಆ ಸೀರೆ ಉಟ್ಟಿದ್ದಳು. ಗುಂಗುರು ಅಂಚಿನ ಸೀರೆ!

“ತಂಗೀಗೆ ಅಂತ ಕೊಟ್ಟದ್ದು ಉಡಲಿಕ್ಕೆ ಮನಸ್ಸಾಗಲಿಲ್ಲ. ಇವತ್ತೇ ಮೊದಲು,” ಎಂದಳು.

ನೇಕಾರನ ಕಣ್ಣು ಮೊದಲು ಸೆರಗಿನ ಮೇಲಿನ ಗೆರೆಗಳಿಗೇ ಹೋಯಿತು. “ಮಡಿಕಿ ಬದಲಸದ ಹಂಗ ಇಟ್ಟೀರಿ. ಒಂದ ಮಡಿಕ್ಯಾಗ ಇಟ್ರ ಸೀರಿ ಅಲ್ಲೇ ಹರೀತೈತ್ರಿ. ಆಗಾಗ ಬಿಚ್ಚಿ, ಬ್ಯಾರೆ ಕಡೆ ಮಡಚಬೇಕು.”

“ಬಿಚ್ಚೋ ಧೈರ್ಯ ಇರಲಿಲ್ರೀ.”

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ರಾಚಪ್ಪನನ್ನು ತಡೆದ. ಒಳಗೆ ಪ್ರಯಾಣಿಕರಿಗೆ ಮಾತ್ರ ಪ್ರವೇಶ. ಕಾವಲಿನವನು ಅಲಕಾಳ ಕಡೆ ನೋಡಿ ಏನೋ ಕೇಳಿದ.

ಲಿನ್ ಅಲಕಾಳ ಕಡೆ ತಿರುಗಿದಳು. “ಇವರು ನಿಮಗೆ ಏನಾಗಬೇಕು ಎಂದು ಕೇಳುತ್ತಿದ್ದಾನೆ.”

ಹಿಂದೆ ಸಾಲು ಬೆಳೆಯುತ್ತಿತ್ತು. ಜನ ನೋಡುತ್ತಿದ್ದರು. ಆ ಪಡಸಾಲೆಯಲ್ಲಿದ್ದುದಕ್ಕಿಂತ ಎಷ್ಟೋ ಹೆಚ್ಚು ಜನ!

ಅಲಕಾ ತಲೆ ಎತ್ತಿದಳು.

“ಆನ್,” ಎಂದಳು.

ಕಾವಲಿನವನು ಇಬ್ಬರ ಮುಖವನ್ನೂ ನೋಡಿ ಮತ್ತೇನೋ ಅಂದ. ಲಿನ್‌ಳ ಕಣ್ಣಲ್ಲಿ ನಗು ತುಂಬಿತು. “ಅಣ್ಣನೋ, ಇನ್ನೊಂದೋ ಎನ್ನುತ್ತಾನೆ.”

“ಇನ್ನೊಂದು.”

ಆ ಮಾತು ಅಷ್ಟು ಸುಲಭವಾಗಿತ್ತು! ಒಂದು ಉಸಿರಿನಷ್ಟು. ಅದನ್ನು ಆಡಲು ಇಪ್ಪತ್ತೆರಡು ವರ್ಷ ಬೇಕಾಯಿತಲ್ಲ ಎಂದು ಅಲಕಾಳ ಕಣ್ಣು ತುಂಬಿತು. ಕಾವಲಿನವನು ಒಳಗೆ ಬಿಡಲಿಲ್ಲ. ಆದರೆ ಸಾಲನ್ನು ಒಂದಿಷ್ಟು ಬದಿಗೆ ಸರಿಸಿ, ಎರಡು ನಿಮಿಷ ಬೇರೆ ಕಡೆ ನೋಡುತ್ತ ನಿಂತ.

“ತಡಾ ಆತಲ್ರಿ, ಅಕ್ಕೋರ,” ಎಂದ ರಾಚಪ್ಪ.

“ಭಾಳ ತಡಾ ಆತು. ಕೂದಲಾ ಬೆಳ್ಳಗಾದವು. ಹೋದ ವರ್ಷಗೋಳನ್ನ ಎಲ್ಲಿಂದ ತರೂಣು?... ಮತ್ತ ಅಕ್ಕೋರ ಅನಬ್ಯಾಡ್ರಿ ಇನ್ನ.”

“ಮತ್ತ ಏನನ್ಲಿ?”

“ಆವತ್ತ ಅಂದದ್ದನ್ನ ಅನ್ರಿ. ಈ ಊರ ಭಾಷಾದಾಗ.”

ಅವನು ಸೆರಗಿನ ತುದಿಯನ್ನಲ್ಲ, ಮೊದಲ ಬಾರಿಗೆ ಅವಳ ಕೈಯನ್ನೇ ಹಿಡಿದುಕೊಂಡ. ನೂಲು ಹಿಡಿದು ಹಿಡಿದು ಒರಟಾದ ಬೆರಳುಗಳು.

“ಎಮ್,” ಎಂದ ಮೆಲ್ಲಗೆ. ಬಳಿಕ ಬಹುವಚನವನ್ನು ಇಳಿಸಿಟ್ಟು, “ಹೋಗಿ ಬಾ. ನಂದೂ ಇಲ್ಲಿ ಕೆಲಸಾ ಯುಗಾದಿಗೆ ಮುಗೀತೈತಿ. ಮಂಗಳವಾರ ನೋಡಿನ ಬರ್ತೇನಿ, ಜಮಖಂಡಿ ಬಸ್‌ಸ್ಟ್ಯಾಂಡಿಗೆ. ಈ ಸಲಾ ಎಷ್ಟ ಬಸ್ ಬಿಡ್ತಿ?” ಎಂದ.

ಅಲಕಾ ಅಳುವಿನ ನಡುವೆಯೇ ನಕ್ಕಳು.

“ನೀವು ಇಳಿಯೂತನಕ.”