ಪಾರವ್ವ ಒಡೆದ ಅಖಂಡ ಸಂಖ್ಯೆ

ಒಂದೇ ಆಗಿದ್ದೂ ಎಣಿಕೆಗೆ ಸಿಗದಷ್ಟು ತುಂಬಿಕೊಂಡಿರುವ ಸ್ವಾಮಿಗೆ ಮೊದಲು ಕೈಮುಗಿಯುತ್ತೇನೆ. ಅವನು ನುಡಿಸಿದಷ್ಟು ಹೇಳುತ್ತೇನೆ, ಕೇಳಿ.

ಬಹಳ ಕಾಲದ ಹಿಂದೆ ಕುಂಭಾವತಿ ಎಂಬ ರಾಜ್ಯಕ್ಕೆ ವಿಕಟಕೇತು ಎಂಬ ಮಾಯಾವಿ ಬಂದ. ಗುಡ್ಡದ ಮೇಲೆ ರಾತ್ರೋರಾತ್ರಿ ಕೋಟೆ ಎಬ್ಬಿಸಿ, ಅದರ ಗೋಡೆಯ ಮೇಲೆ ಆಳೆತ್ತರದ ಅಂಕಿಗಳನ್ನು ಕೆತ್ತಿದ. ನಡುನಡುವೆ ಕೆಂಪು ಗೆರೆ ಎಳೆದ.

೮೫|೩೮|೫೩|೮೫|೩೮|೫೩|೮೫೩

"ಇದು ಅಖಂಡ ಸಂಖ್ಯೆ. ಒಂದನ್ನೂ ಇದನ್ನೂ ಬಿಟ್ಟರೆ ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಯೇ ಇಲ್ಲ. ಇದ್ದರೆ ತೋರಿಸಿ, ಹೊರಟುಹೋಗುತ್ತೇನೆ. ಸೋತವರು ನನ್ನ ಅಂಗಳದ ಜಿಂಕೆಗಳಾಗುತ್ತಾರೆ" ಎಂದು ಸಾರಿದ. ಅದೇ ವಾರ ಹೋದ ಕೆಲವರು ಸೋತು ಜಿಂಕೆಗಳಾದರು.

ರಾಜನ ಗಣಕರು ಕೋಟೆಗೆ ಹೋಗದೆ ಅರಮನೆಯಲ್ಲೇ ಕೂತು ಎರಡರಿಂದ ಇಪ್ಪತ್ತೇಳರವರೆಗೆ ಭಾಗಿಸಿ ನೋಡಿದರು. ಪ್ರತಿಸಲವೂ ಶೇಷ ಉಳಿಯಿತು. "ನಕ್ಷತ್ರಗಳೇ ಇಪ್ಪತ್ತೇಳು. ಅದರಾಚೆ ನೋಡುವುದು ಶಾಸ್ತ್ರವಲ್ಲ" ಎಂದು ಬಳಪ ಕೆಳಗಿಟ್ಟರು. ರಾಜ ನಂಬಿದ, ಊರೂ ನಂಬಿತು.

ನೇಕಾರರ ಮಾನಪ್ಪ ಮಾತ್ರ ನಂಬಲಿಲ್ಲ. ಕೋಟೆಗೆ ಹೋದ, ಸೋತ, ಜಿಂಕೆಯಾದ. ಅಮಾವಾಸ್ಯೆ ಕಳೆದರೆ ಜಿಂಕೆ ಜಿಂಕೆಯಾಗಿಯೇ ಉಳಿಯುತ್ತಿತ್ತು. ಅಮಾವಾಸ್ಯೆ ನಾಳೆಯೇ ಇತ್ತು. ಅವನ ಅಕ್ಕ ಪಾರವ್ವ ಮಗ್ಗದಿಂದ ಎದ್ದು, "ತಾಯಿ ಬನಶಂಕರಿ, ಕಣ್ಣು ಕಟ್ಟದ ಹಾಗೆ ನೋಡಿಕೋ" ಎಂದು ಬೇಡಿಕೊಂಡು ಗುಡ್ಡ ಹತ್ತಿದಳು.

ಮೊದಲ ಬಾಗಿಲಲ್ಲಿ ಕಂಚಿನ ಗಿಳಿ ಕೂತಿತ್ತು. "ಬಾ ತಂಗಿ, ಬಿಸಿಲಲ್ಲಿ ಬಂದೆ. ಪಾನಕ ಕುಡಿ."

"ಕೇಳದೆ ಕೊಡೋ ಪಾನಕ ನನಗೆ ಬೇಡ. ಪ್ರಶ್ನೆ ಕೇಳು."

"ಸಂಖ್ಯೆ ಸಮವೋ ಬೆಸವೋ?"

"ಕೊನೇ ಅಂಕಿ ಮೂರು. ಬೆಸ."

ಬಾಗಿಲು ತೆರೆಯಿತು.

ಎರಡನೇ ಬಾಗಿಲಲ್ಲಿ ನೀಲಿ ಹುಲಿ. "ಮೂರರಿಂದ ಭಾಗವಾಗುತ್ತದೆಯೇ? ತಪ್ಪಿದರೆ ನನ್ನ ಊಟ ನೀನೇ."

ಪಾರವ್ವ ಅಂಕಿಗಳನ್ನು ಬೆರಳಲ್ಲಿ ಕೂಡಿಸಿದಳು. ಎಂಟು, ಐದು, ಮೂರು, ಹದಿನಾರು. ಮುಂದಿನ ಮೂರೂ ಹದಿನಾರು. ಅದರ ಮುಂದಿನವೂ ಹದಿನಾರು! ಐದು ಸಲ ಹದಿನಾರು, ಎಂಬತ್ತು. "ಎಂಬತ್ತು ಮೂರರಿಂದ ಭಾಗವಾಗೋದಿಲ್ಲ. ಹಾಗಾಗಿ ಇದೂ ಆಗೋದಿಲ್ಲ" ಎಂದಳು. ಹುಲಿ ಆಕಳಿಸಿ ದಾರಿ ಬಿಟ್ಟಿತು. ಆದರೆ ಅವಳ ಎದೆಯೊಳಗೆ ಸಂಶಯ ಹೊಕ್ಕಿತು. ಸಂಶಯವನ್ನೂ ಸ್ವಾಮಿಯೇ ಕೊಡುತ್ತಾನೆ, ಬೇಕಾದ ಹೊತ್ತಿಗೆ.

ಮೂರನೇ ಬಾಗಿಲಲ್ಲಿ ವಿಕಟಕೇತುವೇ ನಿಂತಿದ್ದ. "ಓದು, ಎರಡೆರಡಾಗಿ ಓದು. ಎಂಬತ್ತೈದು, ಮೂವತ್ತೆಂಟು, ಐವತ್ತಮೂರು..."

"ಈ ಕೆಂಪು ಗೆರೆ ಯಾಕಯ್ಯ?"

"ಓದೋರಿಗೆ ಅನುಕೂಲ ಆಗಲಿ ಅಂತ."

"ಸೋಲಲಿ ಅಂತ ಕಾಯೋನು ನಮ್ಮ ಅನುಕೂಲ ನೋಡ್ತೀಯಾ?" ಎಂದು ಪಾರವ್ವ ಸೆರಗು ಒದ್ದೆ ಮಾಡಿ ಗೆರೆಗಳನ್ನು ಒರೆಸತೊಡಗಿದಳು.

"ಏ ಹೆಣ್ಣೇ, ಮುಟ್ಟಬೇಡ! ನಿಯಮ ಮೀರ್ತಿದೀಯ!"

"ಗೆರೆ ಒರೆಸಬಾರದು ಅಂತ ಯಾವಾಗ ಸಾರಿದ್ದೆ?"

ಗೆರೆ ಹೋದ ಗೋಡೆಯನ್ನು ಅವಳು ಮೂರು ಮೂರಾಗಿ ಓದಿದಳು. ೮೫೩ ೮೫೩ ೮೫೩ ೮೫೩ ೮೫೩.

"ಸೀರೆಯ ಅಂಚಲ್ಲಿ ಒಂದೇ ಚಿತ್ತಾರ ಐದು ಸಲ ಬಂದ ಹಾಗಿದೆ. ಬಿಡಿ ಎಂಟುನೂರ ಐವತ್ತಮೂರು, ಸಾವಿರ ಅಷ್ಟೇ, ಹತ್ತು ಲಕ್ಷ ಅಷ್ಟೇ, ನೂರು ಕೋಟಿ ಅಷ್ಟೇ, ಲಕ್ಷ ಕೋಟಿಯೂ ಅಷ್ಟೇ. ಪ್ರತಿ ಗುಂಪೂ ಎಂಟುನೂರ ಐವತ್ತಮೂರರಿಂದ ಭಾಗವಾದರೆ ಇಡೀ ಸಂಖ್ಯೆ ಆಗದೆ ಇರುತ್ತದೆಯೇ? ಭಾಗಲಬ್ಧ ೧೦೦೧೦೦೧೦೦೧೦೦೧. ಶೇಷ ಸೊನ್ನೆ!"

ಗೋಡೆ ಐದು ತುಂಡಾಯಿತು. ವಿಕಟಕೇತು ಹೊಗೆಯಾಗಿ ಹರಿದುಹೋದ. ಅಂಗಳದ ಜಿಂಕೆಗಳೆಲ್ಲ ಮನುಷ್ಯರಾಗಿ ಎದ್ದು ನಿಂತವು.

ಮಾನಪ್ಪ ಓಡಿ ಬಂದ. "ಅಕ್ಕಾ, ನಾನು ಒಂದೊಂದೇ ಭಾಗಿಸ್ತಾ ಮೂವತ್ತರ ತನಕ ಬಂದಿದ್ದೆ ಕಣೆ. ಮೂವತ್ತೊಂದು ಅನ್ನೋಷ್ಟರಲ್ಲಿ 'ಹೊತ್ತು ಮೀರಿತು, ಸೋತೆ' ಅಂದುಬಿಟ್ಟ!"

"ಹೌದಾ? ಹಾಗಾದರೆ ಅದನ್ನೂ ನೋಡೇಬಿಡೋಣ" ಎಂದು ಪಾರವ್ವ ಮಣ್ಣಲ್ಲೇ ಕೂತು ಭಾಗಿಸಿದಳು. ಮೂವತ್ತೊಂದಕ್ಕೂ ಶೇಷ ಸೊನ್ನೆ.

"ಕಳ್ಳ!" ಎಂದ ಮಾನಪ್ಪ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಮನೆಗೆ ಹೋಗಿ ರೊಟ್ಟಿ ತಿಂದು, ಬಹುಕಾಲ ಸುಖವಾಗಿ ಬಾಳಿದರು.

ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ಅನ್ನ ಹಂಚಿದಷ್ಟೂ ಹೆಚ್ಚಲಿ, ದುಃಖ ಶೇಷವಿಲ್ಲದೆ ಕಳೆಯಲಿ. ಸ್ವಾಮಿ ನಿಮ್ಮನ್ನು ಚೆನ್ನಾಗಿಟ್ಟಿರಲಿ.