ಅಲ್ಲಾಡಿಸದೆ ಇಟ್ಟುಹೋದ ಕಪ್ಪು

ದೆವ್ವಗಿವ್ವ ಅಂದರೆ ನನಗೆ ಸಿಟ್ಟು, ನಡೆದದ್ದನ್ನಷ್ಟೇ ಹೇಳುತ್ತೇನೆ.

ಬ್ರಿಟಿಷರ ರಕ್ಷಣೆಯಲ್ಲಿದ್ದ ಒಂದು ಪುಟ್ಟ ಅರಬ್ ಸಂಸ್ಥಾನದಲ್ಲಿ ನಮ್ಮ ಅಪ್ಪಯ್ಯ ಶೇಖ್‌ಗೆ ಕಾಫಿ ಬಗ್ಗಿಸುತ್ತಿದ್ದರು. ಅಲ್ಲಿನ ರೂಢಿಯಲ್ಲಿ ಕುಡಿಯುವವರು ಖಾಲಿ ಕಪ್ಪನ್ನು ಅಲ್ಲಾಡಿಸಿದರೆ ‘ಸಾಕು’ ಎಂದರ್ಥ. ಅಲ್ಲಿಯವರೆಗೆ ತುಂಬುತ್ತಲೇ ಇರಬೇಕು. ಒಂದು ಸಂಜೆ ನಾಲ್ಕಕ್ಕೆ ಬ್ರಿಟಿಷರು ಶೇಖ್‌ನನ್ನು ಪಟ್ಟದಿಂದಿಳಿಸಿ ಹಡಗು ಹತ್ತಿಸಿದರು. ಅವನು ಕಪ್ಪನ್ನು ಅಲ್ಲಾಡಿಸದೆ ಇಟ್ಟುಹೋದ.

ಆ ಕಪ್ಪನ್ನು ಮದರಾಸಿಗೆ ತಂದ ಅಪ್ಪಯ್ಯ, ತ್ರಿಪ್ಲಿಕೇನಿನ ನಮ್ಮ ಮೆಸ್ಸಿನಲ್ಲಿ ದಿನಾ ನಾಲ್ಕಕ್ಕೆ ತುಂಬಿಸಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ದಿನಾ ತುಂಬಿಸುತ್ತಾ ಬಂದೆ. ಐದಕ್ಕೆ ನೋಡಿದರೆ ಖಾಲಿ.

ಕಳೆದ ಸೋಮವಾರ ಬೇಸತ್ತು, ಖಾಲಿ ಕಪ್ಪನ್ನು ನಾನೇ ಅಲ್ಲಾಡಿಸಿ ಕವುಚಿಟ್ಟೆ. ಅದರ ತಳ ಬಿಸಿಯಾಗಿತ್ತು.

ಅಂದಿನಿಂದ ನನ್ನದೇ ಮೆಸ್ಸಿನಲ್ಲಿ ಬಡಿಸುವವರು ನನ್ನ ಎಲೆ ದಾಟಿ ಹೋಗುತ್ತಾರೆ. ಹೆಂಡತಿ ಬೇಬಿಯೂ ಅಷ್ಟೆ. "ಅನ್ನ ಎಲ್ಲಿ?" ಎಂದರೆ, "ಈಗಷ್ಟೇ ನೀವೇ ಸಾಕಂದ್ರಲ್ಲ ಮಾರಾಯ್ರೆ!" ಎನ್ನುತ್ತಾಳೆ.

ಅನ್ನ ಕೇಳುವವರೆಗೆ ನಾನು ಬಾಯಿಯನ್ನೇ ತೆರೆದಿರುವುದಿಲ್ಲ.