ಕಡ್ಡಿ ಹೇಳಿದ ಮಾತು

“ಏನೇ ರೇಡಿಯೊ, ಇವತ್ತು ಯಾವ ಸ್ಟೇಷನ್ನೂ ಸಿಗ್ತಿಲ್ವಲ್ಲ?” ಮೆಟ್ಟಿಲ ಮೇಲೆ ಕೂತಿದ್ದ ತಾತ ಮೊಮ್ಮಗಳನ್ನು ಕೆಣಕಿದ.

ಮಾತು ಶುರುಮಾಡಿದರೆ ನಿಲ್ಲಿಸುವವಳಲ್ಲ ಅಂತ ಇಡೀ ಕಟ್ಟಡವೇ ಅವಳನ್ನು ರೇಡಿಯೊ ಅನ್ನುತ್ತಿತ್ತು. ಈಗ ಮಾತ್ರ ಬಾಯಿಗೆ ಬೀಗ. ಕಣ್ಣು, ಕಟ್ಟಡ ಪರೀಕ್ಷಿಸಲು ಬಂದ ಇಂಜಿನಿಯರ್ ತಂತಿ ಮೇಡಂ ಕೈಲಿದ್ದ ಲ್ಯಾಪ್‌ಟಾಪ್ ಮೇಲೆ.

ಮೆಟ್ಟಿಲ ಮೇಲಿನ ತೊಲೆ ಬಿರುಕು ಬಿಟ್ಟಾಗ, ಬೆಂಕಿಕಡ್ಡಿಯಷ್ಟೇ ಇದ್ದ ಉಕ್ಕಿನ ಕೊಳವೆಯೊಂದನ್ನು ಅದಕ್ಕೆ ಅಡ್ಡಲಾಗಿ ಅಂಟಿಸಿದ್ದು ಈ ಮೇಡಂ. ಅದರೊಳಗೆ ಕೂದಲಿನಂಥ ಗಾಜಿನ ಎಳೆ, ಎಳೆಯೊಳಗೆ ಬೆಳಕು; ಅದರಿಂದ ಒಂದು ತಂತಿ ಗೋಡೆಗುಂಟ ಕೆಳಗಿಳಿದಿತ್ತು. ಬಿರುಕು ಒಂಚೂರು ಅಗಲವಾದರೂ ಬೆಳಕು ಬದಲಾಗಿ ಲ್ಯಾಪ್‌ಟಾಪಿನ ಗೆರೆ ಮೇಲೇರುತ್ತದೆ. “ಸುತ್ತಿಗೆ ಬಿದ್ರೂ ಅದಕ್ಕೇನೂ ಆಗಲ್ಲ. ಆದ್ರೆ ತಂತಿ ಮಾತ್ರ ಯಾರೂ ಮುಟ್ಬೇಡಿ” ಅಂತ ಹೇಳಿಯೇ ಹೋಗಿದ್ದರು.

“ಗೆರೆ ತುಂಬಾ ಏರಿದೆ ತಾತ. ಶನಿವಾರದೊಳಗೆ ಎಲ್ಲರೂ ಮನೆ ಖಾಲಿ ಮಾಡ್ಬೇಕು” ಅಂದರು ಮೇಡಂ.

ತಾತ ಊರುಗೋಲನ್ನು ಟಕ್ ಎಂದು ಕುಟ್ಟಿದ. “ಕಡ್ಡೀನ ಗುಡ್ಡ ಮಾಡ್ಬೇಡ ನೋಡಮ್ಮ! ನಾನು ಈ ಮೆಟ್ಟಿಲು ಹತ್ತೋಕೆ ಶುರುಮಾಡಿದಾಗ ನೀನು ಹುಟ್ಟೇ ಇರ್ಲಿಲ್ಲ. ನಾನಂತೂ ಕದಲಲ್ಲ.”

ರೇಡಿಯೊ ಒಂದೇ ಉಸಿರಿಗೆ ಹೇಳಿಬಿಟ್ಟಳು.

“ಆಂಟಿ, ಅದು ಬಿಲ್ಡಿಂಗ್ ತಪ್ಪಲ್ಲ, ನಂದು! ಸೋಮವಾರ ಒದ್ದೆ ಸಾಕ್ಸ್ ಆ ತಂತಿ ಮೇಲೆ ಒಣಗಿಸಿದ್ದೆ. ಬೇಕಾದ್ರೆ ಬೈರಿ. ತಾತನ್ನ ಕಳಿಸ್ಬೇಡಿ.”

“ಕೇಳಿಸ್ತಾ?” ತಾತನ ಮುಖ ಅರಳಿತು. “ಕಟ್ಟಡ ಗಟ್ಟಿಯಾಗೇ ಇದೆ, ಎಲ್ಲಾ ಸಾಕ್ಸ್ ಮಹಿಮೆ!”

ಮೇಡಂ ಬೈಯಲಿಲ್ಲ. ಮೆಟ್ಟಿಲ ಮೇಲೆ ಅವಳ ಪಕ್ಕ ಕೂತರು.

“ಎಷ್ಟೊತ್ತಿಗೆ ಹಾಕಿದ್ದೆ?”

“ಸ್ಕೂಲಿಂದ ಬಂದ್ಮೇಲೆ. ನಾಲ್ಕೂವರೆಗೆ.”

“ಇಲ್ಲಿದೆ ನೋಡು ನಿನ್ನ ಸಾಕ್ಸು.” ಗೆರೆಯಲ್ಲೊಂದು ಇರುವೆಯಷ್ಟು ಉಬ್ಬು. “ನೀನು ತೆಗೆದ ತಕ್ಷಣ ಇಳಿದಿದೆ. ಮುಂದೆ ನೋಡು.”

ಮಂಗಳವಾರ. ಬುಧವಾರ. ಗುರುವಾರ. ಗೆರೆ ಏರುತ್ತಲೇ ಇತ್ತು.

“ಇಲ್ಲೆಲ್ಲಾ... ಯಾರ ಸಾಕ್ಸೂ ಇರ್ಲಿಲ್ವಾ?”

“ಇಲ್ಲ ಪುಟ್ಟಾ.”

ಎರಡೇಟು ಬಿದ್ದಿದ್ದರೂ ಇದಕ್ಕಿಂತ ವಾಸಿಯಿತ್ತು ಅನ್ನಿಸಿತು ಅವಳಿಗೆ.

“ಏನಂತೆ? ಸರಿಹೋಯ್ತಂತಾ?” ತಾತ ಕೇಳಿದ.

ಹೂಂ ಅನ್ನಬೇಕೆನಿಸಿತು. ತಲೆ ಎತ್ತಿ ತೊಲೆ ನೋಡಿದಳು. ಬಿರುಕಿನ ಮೇಲೆ ಆ ಕಡ್ಡಿ ಸುಮ್ಮನೆ ಮಲಗಿತ್ತು.

“ಬಾ ತಾತ. ಅಮ್ಮ ಕೆಲಸದಿಂದ ಬರೋದ್ರೊಳಗೆ ನಿನ್ನ ಬಟ್ಟೆ ಮಡಚಿಡೋಣ.”

ತಾತನ ನಗು ನಿಂತಿತು. ಅವಳ ಮುಖವನ್ನೇ ನೋಡಿದ.

ದಿನಾ ಎರಡೆರಡು ಮೆಟ್ಟಿಲು ಹಾರುವವಳು ಇವತ್ತು ಒಂದೊಂದೇ ಹತ್ತಿದಳು, ತುದಿಗಾಲಲ್ಲಿ. ಹಿಂದೆ ಟಕ್ ಟಕ್ ಕೇಳಿಸಲಿಲ್ಲ. ತಾತ ಬರುತ್ತಿಲ್ಲವೇನೋ ಅಂತ ತಿರುಗಿದಳು.

ಬರುತ್ತಿದ್ದ. ಊರುಗೋಲನ್ನು ಕಂಕುಳಲ್ಲಿ ಇರುಕಿಕೊಂಡು, ಗೋಡೆ ಹಿಡಿದು, ಸದ್ದಾಗದಂತೆ ಹೆಜ್ಜೆಯಿಡುತ್ತಿದ್ದ.

ಅವಳು ಎರಡು ಮೆಟ್ಟಿಲು ಇಳಿದು ಕೈ ಚಾಚಿದಳು.